ಪಕ್ಕದ ಮನೆಯಲ್ಲಿ ಗುರು ಇಲ್ಲದವರಿಗೆ ಒಂದು ತರಗತಿ

ಇವತ್ತಿನ ಕಥೆ ನ್ಯೂಯಾರ್ಕಿನದು. ಆದರೆ ಶುರು ಮಾಡೋದು ಮಾತ್ರ ನನ್ನದೇ ಒಂದು ಅವಮಾನದಿಂದ.

ಕಾಲೇಜಿನ ಎರಡನೇ ವರ್ಷ. ಅಂತರಕಾಲೇಜು ನಾಟಕ ಸ್ಪರ್ಧೆಗೆ ಹಾಡು ಬರೆದುಕೊಡೋ ಕೆಲಸ ನನ್ನ ತಲೆಗೆ ಬಂತು. ಗೆಳೆಯನೊಬ್ಬ ಹಾರ್ಮೋನಿಯಂ ನುಡಿಸುತ್ತಿದ್ದ, ರಾಗ ಅವನದು. ನಾನು ಮೂರು ರಾತ್ರಿ ಕೂತು ಬರೆದೆ. ಮಳೆ, ಬೆಳದಿಂಗಳು, ಒಂಟಿ ದಾರಿ, ಪ್ರಾಸ ಅಂದ್ರೆ ಪ್ರಾಸ. ರಿಹರ್ಸಲ್‌ನಲ್ಲಿ ಹಾಡಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾಟಕ ಮಾಡಿಸುತ್ತಿದ್ದ ಸರ್ ಮಾತ್ರ ತಟ್ಟಲಿಲ್ಲ. "ಹಾಡು ಚೆನ್ನಾಗಿದೆಯಪ್ಪ. ಆದ್ರೆ ಇದನ್ನ ಹಾಡ್ತಿರೋದು ಯಾರು? ಈ ಹುಡುಗಿ ಮೂರು ಮನೆ ಪಾತ್ರೆ ತೊಳೆದು ಈಗಷ್ಟೇ ಬಂದು ಕೂತಿದ್ದಾಳೆ. ಅವಳ ಬಾಯಲ್ಲಿ ಬೆಳದಿಂಗಳು ಯಾಕೆ ಬಂತು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಟ್ಟು ಮಾತ್ರ ಇತ್ತು. ಹಾಡು ನಾಟಕದಿಂದ ಹೋಯ್ತು. ನಾನೂ ಒಂದು ವಾರ ರಿಹರ್ಸಲ್ ಕಡೆ ತಲೆ ಹಾಕಲಿಲ್ಲ.

ಎಷ್ಟೋ ವರ್ಷ ಆದಮೇಲೆ ಒಂದು ವಿಷಯ ಗೊತ್ತಾಯಿತು. ನನಗೆ ಬಿದ್ದ ಆ ಪ್ರಶ್ನೆಯನ್ನೇ ನ್ಯೂಯಾರ್ಕಿನ ಒಂದು ತರಗತಿಯಲ್ಲಿ 1961ರಿಂದ ಕೇಳುತ್ತಾ ಬಂದಿದ್ದಾರೆ. ಹಾಡಿಂದ ನಡೆಯುವ ನಾಟಕವನ್ನು, ಅಂದರೆ ಮ್ಯೂಸಿಕಲ್ ಅನ್ನು, ಬರೆಯೋದು ಹೇಗೆ ಅಂತ ಕಲಿಯುವ ತರಗತಿ ಅದು. ಅಲ್ಲಿ ಕೂತು ಬೈಸಿಕೊಂಡವರಲ್ಲಿ ಕೆಲವರ ಹಾಡು ನೀವೂ ಕೇಳಿದ್ದೀರಿ. 'ಫ್ರೋಜನ್' ಸಿನಿಮಾ ನೋಡಿದ ಮಗು ಮನೆಯಲ್ಲಿದ್ದರೆ, ಸಾಕಾಗುವಷ್ಟು ಸಲ ಕೇಳಿದ್ದೀರಿ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಈ ತರಗತಿ ಇಲ್ಲದಾಗ ಜನ ಇದನ್ನು ಹೇಗೆ ಕಲಿಯುತ್ತಿದ್ದರು?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡಾಯ್ಲ್ಸ್‌ಟೌನ್ ಅಂತ ಒಂದು ಊರು. 1940ರ ದಶಕ. ಅಪ್ಪ ಅಮ್ಮ ಬೇರೆಯಾದ ಒಬ್ಬ ಹುಡುಗ ತಾಯಿಯ ಜೊತೆ ಅಲ್ಲಿಗೆ ಬಂದಿದ್ದ. ಹೆಸರು ಸ್ಟೀಫನ್ ಸಾಂಡ್‌ಹೈಮ್. ಮನೆಯಲ್ಲಿ ನೆಮ್ಮದಿ ಇರಲಿಲ್ಲ, ಹಾಗಾಗಿ ಹತ್ತಿರದಲ್ಲೇ ಇದ್ದ ಗೆಳೆಯನ ಮನೆಯಲ್ಲೇ ಬಿದ್ದಿರುತ್ತಿದ್ದ. ಆ ಗೆಳೆಯನ ಅಪ್ಪ ಯಾರು ಗೊತ್ತಾ? ಆಸ್ಕರ್ ಹ್ಯಾಮರ್‌ಸ್ಟೈನ್. 'ಒಕ್ಲಹೋಮಾ' ಬರೆದವರು, ಮುಂದೆ 'ದಿ ಸೌಂಡ್ ಆಫ್ ಮ್ಯೂಸಿಕ್' ಹಾಡುಗಳನ್ನು ಬರೆಯಲಿದ್ದವರು.

ಹದಿನೈದನೇ ವಯಸ್ಸಿನಲ್ಲಿ ಸಾಂಡ್‌ಹೈಮ್ ತನ್ನ ಶಾಲೆಯ ಬಗ್ಗೆ ಒಂದು ಮ್ಯೂಸಿಕಲ್ ಬರೆದ. ಹ್ಯಾಮರ್‌ಸ್ಟೈನ್ ಅವರಿಗೆ ಕೊಟ್ಟು, ಪರಿಚಯದ ಹುಡುಗ ಅಂತ ನೋಡಬೇಡಿ, ಗೊತ್ತಿಲ್ಲದವರ ಬರಹ ಓದಿದ ಹಾಗೆ ಓದಿ ಅಂದ. ಅವರು ಹಾಗೇ ಓದಿದರು. ಇಷ್ಟು ಕೆಟ್ಟದ್ದನ್ನು ನಾನು ಓದೇ ಇಲ್ಲ ಅನ್ನೋ ಅರ್ಥದಲ್ಲಿ ಹೇಳಿದರು. ಆಮೇಲೆ ಇಡೀ ಮಧ್ಯಾಹ್ನ ಕೂರಿಸಿಕೊಂಡು, ಎಲ್ಲೆಲ್ಲಿ ಯಾಕೆ ಕೆಟ್ಟಿದೆ ಅಂತ ಬಿಡಿಸಿ ಬಿಡಿಸಿ ಹೇಳಿದರು. ಆ ಒಂದು ಮಧ್ಯಾಹ್ನ ಕಲಿತಷ್ಟು ಬಹಳ ಜನ ಇಡೀ ಜೀವನದಲ್ಲಿ ಕಲಿಯಲ್ಲ ಅನ್ನೋ ಧಾಟಿಯಲ್ಲಿ ಸಾಂಡ್‌ಹೈಮ್ ಕೊನೆವರೆಗೂ ಹೇಳಿಕೊಂಡರು.

ಅಷ್ಟಕ್ಕೇ ಬಿಡಲಿಲ್ಲ. ನಾಲ್ಕು ಮನೆಗೆಲಸ ಕೊಟ್ಟರು. ಒಂದು, ನಿನಗೆ ಇಷ್ಟವಾದ ನಾಟಕವನ್ನು ಮ್ಯೂಸಿಕಲ್ ಮಾಡು. ಎರಡು, ಚೆನ್ನಾಗಿದೆ ಆದರೆ ಎಲ್ಲೋ ಕುಂಟುತ್ತಿದೆ ಅನ್ನಿಸುವ ನಾಟಕವನ್ನು ಮಾಡು. ಮೂರು, ನಾಟಕವೇ ಆಗದ ಒಂದು ಕಥೆಯನ್ನು ತಗೊಂಡು ಮಾಡು. ನಾಲ್ಕು, ಪೂರ್ತಿ ನಿನ್ನದೇ ಕಥೆ ಬರಿ. ಇದನ್ನು ಮುಗಿಸೋಕೆ ಹುಡುಗನಿಗೆ ವರ್ಷಗಳೇ ಹಿಡಿದವು. 1957ರಲ್ಲಿ 'ವೆಸ್ಟ್ ಸೈಡ್ ಸ್ಟೋರಿ' ರಂಗಕ್ಕೆ ಬಂದಾಗ ಅದರ ಗೀತರಚನೆ ಅವರದು, ವಯಸ್ಸು 27.

ಕೇಳೋಕೆ ಬಹಳ ಚೆಂದದ ಕಥೆ. ಆದರೆ ಒಂದು ತೊಡಕಿದೆ. ಪಕ್ಕದ ಮನೆಯಲ್ಲಿ ಹ್ಯಾಮರ್‌ಸ್ಟೈನ್ ಇಲ್ಲದವರು ಏನು ಮಾಡಬೇಕು? ಹಾಡು ಬರೆಯೋ ಆಸೆ ಇರುವ ಒಬ್ಬ ಗುಮಾಸ್ತ, ಒಬ್ಬಳು ಟೈಪಿಸ್ಟ್, ದೂರದ ಊರಿನಿಂದ ಬಂದ ಒಬ್ಬ ಪಿಯಾನೋ ವಾದಕ, ಇವರೆಲ್ಲ ಯಾರ ಮನೆ ಬಾಗಿಲು ತಟ್ಟಬೇಕು?

ಇಲ್ಲಿಗೆ ಬರುತ್ತಾರೆ ಲೇಮನ್ ಎಂಗೆಲ್.

ಎಂಗೆಲ್ ಹುಟ್ಟಿದ್ದು 1910ರಲ್ಲಿ, ಮಿಸಿಸಿಪಿಯ ಜಾಕ್ಸನ್ ಅನ್ನೋ ಊರಲ್ಲಿ. ನ್ಯೂಯಾರ್ಕಿಗೆ ಬಂದು ಬ್ರಾಡ್‌ವೇ ನಾಟಕಗಳ ವಾದ್ಯಮೇಳ ನಡೆಸುವ ಕಂಡಕ್ಟರ್ ಆದರು. 'ವಂಡರ್‌ಫುಲ್ ಟೌನ್' ನಾಟಕಕ್ಕೆ 1953ರಲ್ಲಿ ಟೋನಿ ಪ್ರಶಸ್ತಿಯೂ ಬಂತು. ಅವರು ಕೂತಿದ್ದ ಜಾಗ ಯಾವುದು ಅಂತ ಒಮ್ಮೆ ಯೋಚನೆ ಮಾಡಿ. ಕಂಡಕ್ಟರ್ ನಿಲ್ಲೋದು ರಂಗಕ್ಕೂ ಪ್ರೇಕ್ಷಕರಿಗೂ ನಡುವೆ. ಕಣ್ಣಮುಂದೆ ನಟರು, ಬೆನ್ನ ಹಿಂದೆ ಜನ. ಯಾವ ಹಾಡಿಗೆ ಜನ ಉಸಿರು ಹಿಡಿದು ಕೂರುತ್ತಾರೆ, ಯಾವ ಹಾಡಿಗೆ ಕೆಮ್ಮೋಕೆ ಶುರು ಮಾಡುತ್ತಾರೆ ಅನ್ನೋದು ರಾತ್ರಿ ರಾತ್ರಿಯೂ ಬೆನ್ನಿಗೆ ಗೊತ್ತಾಗುತ್ತೆ. ಅಂಥ ಜಾಗದಲ್ಲಿ ಅವರು ದಶಕಗಳ ಕಾಲ ನಿಂತಿದ್ದರು.

1961ರಲ್ಲಿ ಬಿಎಂಐ ಸಂಸ್ಥೆಯ ಜೊತೆ ಸೇರಿ ಅವರು ಒಂದು ವರ್ಕ್‌ಶಾಪ್ ಶುರು ಮಾಡಿದರು. ಬಿಎಂಐ ಅಂದರೆ ಹಾಡು ಬರೆದವರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಕೊಡುವ ಸಂಸ್ಥೆ. ಹೊಸ ಹಾಡುಗಾರರು ಬೆಳೆದರೆ ಅವರಿಗೂ ಒಳ್ಳೇದೇ, ಬರೀ ದಾನಧರ್ಮ ಅಂತೇನೂ ಅಲ್ಲ. ಆದರೆ ಕಲಿಯೋಕೆ ಬಂದವರಿಂದ ಫೀಸ್ ತಗೊಳ್ಳಲ್ಲ. ಡಿಗ್ರಿ ಕೇಳಲ್ಲ. ನಿನ್ನ ಹಾಡು ತೋರಿಸು, ಅಷ್ಟೇ.

ಕೆಲಸ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ. ಸಂಗೀತ ಮಾಡುವವರು ಬೇರೆ, ಸಾಹಿತ್ಯ ಬರೆಯುವವರು ಬೇರೆ ಅಂತ ಸೇರಿಸಿಕೊಳ್ಳುತ್ತಾರೆ. ಮೊದಲ ವರ್ಷ ಇವರನ್ನು ಜೋಡಿ ಮಾಡಿ ಅಸೈನ್‌ಮೆಂಟ್ ಕೊಡುತ್ತಾರೆ. ಮುಂದಿನ ಅಸೈನ್‌ಮೆಂಟಿಗೆ ಜೋಡಿ ಬದಲು. ಅಂದರೆ ನಿಮಗೆ ಆಗದವರ ಜೊತೆಗೂ ಒಂದು ಹಾಡು ಮಾಡಲೇಬೇಕು. ಮುಗಿದ ಮೇಲೆ ಪಿಯಾನೋ ಮುಂದೆ ನಿಂತು, ಇಡೀ ತರಗತಿಯ ಎದುರು ಹಾಡಬೇಕು. ದನಿ ಹೇಗಿದ್ದರೂ ಸರಿ. ಆಮೇಲೆ ಉಳಿದವರು ಮಾತಾಡುತ್ತಾರೆ.

ಅಸೈನ್‌ಮೆಂಟ್‌ಗಳಲ್ಲಿ ಹೆಸರುವಾಸಿಯಾದದ್ದು ಒಂದಿದೆ. ಟೆನೆಸಿ ವಿಲಿಯಮ್ಸ್ ಅವರ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' ನಾಟಕದ ಬ್ಲಾನ್ಶ್ ಪಾತ್ರಕ್ಕೆ ಒಂದು ಹಾಡು ಬರೆಯಿರಿ. ಇನ್ನೊಂದು, ಆರ್ಥರ್ ಮಿಲ್ಲರ್ ಅವರ 'ಡೆತ್ ಆಫ್ ಎ ಸೇಲ್ಸ್‌ಮನ್' ನಾಟಕದ ದೃಶ್ಯವೊಂದನ್ನು ಹಾಡಿಗೆ ತನ್ನಿ. ಯಾಕೆ ಎಲ್ಲರಿಗೂ ಗೊತ್ತಿರುವ ನಾಟಕ? ನನಗೆ ಅನ್ನಿಸೋದು ಇದು. ಬ್ಲಾನ್ಶ್ ಯಾರು, ಅವಳ ಸುಳ್ಳು ಏನು, ಅವಳ ಭಯ ಏನು ಅನ್ನೋದು ತರಗತಿಯಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ನೀವು ಬೆಳದಿಂಗಳು ಅಂತ ಬರೆದು ತಪ್ಪಿಸಿಕೊಳ್ಳೋಕೆ ಆಗಲ್ಲ. "ಬ್ಲಾನ್ಶ್ ಹೀಗೆ ಮಾತಾಡಲ್ಲ" ಅಂತ ಹಿಂದಿನ ಬೆಂಚಿನಿಂದ ಒಬ್ಬರು ಹೇಳೇ ಹೇಳುತ್ತಾರೆ. ಹಾಡು ಕೇಳೋಕೆ ಚೆನ್ನಾಗಿದೆಯಾ ಅನ್ನೋದು ಆಮೇಲಿನ ಮಾತು. ಅದು ಅವಳದ್ದಾ ಅನ್ನೋದೇ ಮೊದಲ ಮಾತು.

ಎಂಗೆಲ್ ಇನ್ನೊಂದು ಕೆಲಸ ಮಾಡಿದರು. ಗೆದ್ದ ನಾಟಕಗಳನ್ನು ಗಡಿಯಾರ ಬಿಚ್ಚಿದ ಹಾಗೆ ಬಿಚ್ಚಿ, ಯಾವ ಹಾಡು ಎಲ್ಲಿ ಕೂತಿದೆ, ಯಾಕೆ ಅಲ್ಲೇ ಕೂತಿದೆ ಅಂತ ತೋರಿಸಿದರು. ಹಾಡುಗಳಿಗೆ ಹೆಸರಿಟ್ಟು ವಿಂಗಡಿಸಿದರು. ನಗಿಸುವ ಹಾಡು ಬೇರೆ, ಸುಮ್ಮನೆ ಮುಖ ಅರಳಿಸುವ ಹಾಡು ಬೇರೆ. ಎಲ್ಲಕ್ಕಿಂತ ಹೆಚ್ಚು ಬಳಕೆಗೆ ಬಂದದ್ದು 'ಐ ವಾಂಟ್' ಹಾಡು. ನಾಟಕ ಶುರುವಾದ ಸ್ವಲ್ಪ ಹೊತ್ತಿಗೇ ಮುಖ್ಯ ಪಾತ್ರ ತನಗೆ ಏನು ಬೇಕು ಅಂತ ಹಾಡಬೇಕು. ಅದು ಗೊತ್ತಾದರೆ ಪ್ರೇಕ್ಷಕ ಅವಳ ಜೊತೆ ಹೊರಡುತ್ತಾನೆ. ಗೊತ್ತಾಗದಿದ್ದರೆ ಮೊಬೈಲ್ ತೆಗೆಯುತ್ತಾನೆ. ಆಗ ಮೊಬೈಲ್ ಇರಲಿಲ್ಲ ಬಿಡಿ, ಕೆಮ್ಮುತ್ತಿದ್ದ.

1956ರ 'ಮೈ ಫೇರ್ ಲೇಡಿ' ತಗೊಳ್ಳಿ. ಬೀದಿಯಲ್ಲಿ ಹೂ ಮಾರುವ ಎಲೈಜಾ ತನ್ನ ಮೊದಲ ಹಾಡಿನಲ್ಲಿ ಅರಮನೆ ಕೇಳಲ್ಲ. ಚಳಿ ಇಲ್ಲದ ಒಂದು ಕೋಣೆ, ಕೂರೋಕೆ ಒಂದು ಕುರ್ಚಿ, ತಿನ್ನೋಕೆ ಚಾಕಲೇಟ್, ಇಷ್ಟೇ. ಇಡೀ ದಿನ ಚಳಿಯಲ್ಲಿ ನಿಂತವಳಿಗೆ ಸ್ವರ್ಗ ಅಂದ್ರೆ ಅದೇ ತಾನೆ? ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ನಮ್ಮ ಪಾತ್ರೆ ತೊಳೆಯುವ ಹುಡುಗಿ ನೆನಪಾದಳು. ಅವಳಿಗೆ ಬೇಕಿದ್ದದ್ದು ಬೆಳದಿಂಗಳಲ್ಲ. ಬಹುಶಃ ಬಿಸಿನೀರು. ಕೈಗೆ ಹಚ್ಚಿಕೊಳ್ಳೋಕೆ ಸ್ವಲ್ಪ ಕೊಬ್ಬರಿ ಎಣ್ಣೆ.

ಎಂಗೆಲ್ ಶಿಷ್ಯರಲ್ಲಿ ಅಲನ್ ಮೆಂಕನ್ ಒಬ್ಬರು. ಅವರು ಹವರ್ಡ್ ಆಶ್ಮನ್ ಜೊತೆ ಸೇರಿ 1989ರ ಡಿಸ್ನಿ ಸಿನಿಮಾ 'ದಿ ಲಿಟಲ್ ಮರ್ಮೇಡ್'ಗೆ ಹಾಡು ಮಾಡಿದರು. ಅದರಲ್ಲಿ ಮತ್ಸ್ಯಕನ್ಯೆ ತನ್ನ ಆಸೆ ಹೇಳಿಕೊಳ್ಳುವ ಹಾಡಿದೆಯಲ್ಲ, ಅದು ಪಕ್ಕಾ 'ಐ ವಾಂಟ್' ಹಾಡು. ಸಿನಿಮಾ ಮುಗಿಯುವ ಮೊದಲು ಒಂದು ಪ್ರಾಯೋಗಿಕ ಪ್ರದರ್ಶನದಲ್ಲಿ ಈ ಹಾಡು ಬಂದಾಗ ಮಕ್ಕಳು ಅತ್ತಿತ್ತ ಒದ್ದಾಡಿದರಂತೆ. ಸ್ಟುಡಿಯೋ ಮುಖ್ಯಸ್ಥರು ಹಾಡನ್ನೇ ಕತ್ತರಿಸೋಣ ಅಂದರು. ಆಶ್ಮನ್ ಜಗಳವಾಡಿ ಉಳಿಸಿಕೊಂಡರು. ಅವಳಿಗೆ ಏನು ಬೇಕು ಅಂತ ಗೊತ್ತಾಗದೆ ಉಳಿದ ಸಿನಿಮಾ ಯಾರಿಗೆ ಬೇಕು? ರಂಗಭೂಮಿಯಿಂದ ಕಲಿತದ್ದು ಕಾರ್ಟೂನ್ ಸಿನಿಮಾವನ್ನು ಕಾಪಾಡಿತು.

ಇಲ್ಲಿವರೆಗೆ ಕೇಳಿದರೆ, ಎಂಗೆಲ್ ಸೂತ್ರ ಕೊಟ್ಟರು, ಶಿಷ್ಯರು ಸೂತ್ರ ಹಾಕಿ ಗೆದ್ದರು ಅನ್ನಿಸಬಹುದು. ಅಷ್ಟು ಸುಲಭ ಅಲ್ಲ. ನನಗೆ ಬಹಳ ಕಾಡುವ ಮನುಷ್ಯ ಈಗ ಬರುತ್ತಾರೆ. ಎಡ್ವರ್ಡ್ ಕ್ಲೆಬನ್.

ಕ್ಲೆಬನ್ ಮೊದಲು ಒಂದು ಧ್ವನಿಮುದ್ರಣ ಸಂಸ್ಥೆಯಲ್ಲಿ ಕೆಲಸದಲ್ಲಿದ್ದರು. ಎಂಗೆಲ್ ತರಗತಿಗೆ ಸೇರಿದರು. ಮುಂದೆ ಅಲ್ಲೇ ಪಾಠವನ್ನೂ ಮಾಡಿದರು. ಅವರ ಆಸೆ ಒಂದೇ. ಸಂಗೀತವೂ ನನ್ನದೇ, ಸಾಹಿತ್ಯವೂ ನನ್ನದೇ ಆಗಿರುವ ಒಂದು ಮ್ಯೂಸಿಕಲ್ ಬ್ರಾಡ್‌ವೇಯಲ್ಲಿ ಬರಬೇಕು.

1974ರ ಜನವರಿ. ನೃತ್ಯ ನಿರ್ದೇಶಕ ಮೈಕಲ್ ಬೆನೆಟ್ ಮತ್ತು ಕೆಲವು ನರ್ತಕರು ನ್ಯೂಯಾರ್ಕಿನ ಒಂದು ವ್ಯಾಯಾಮಶಾಲೆಯಲ್ಲಿ ರಾತ್ರಿಯಿಡೀ ಕೂತರು. ಇವರು ಹೀರೋ ಹಿಂದೆ ಸಾಲಾಗಿ ಕುಣಿಯುವವರು. ಬಾಲ್ಯ, ಅಪ್ಪ ಅಮ್ಮ, ಸೋಲು, ಅವಮಾನ, ಎಲ್ಲ ಹೇಳಿಕೊಂಡರು. ಟೇಪ್ ರೆಕಾರ್ಡರ್ ಓಡುತ್ತಿತ್ತು. ಆ ಟೇಪ್‌ಗಳಿಂದ ತಿಂಗಳುಗಟ್ಟಲೆ ವರ್ಕ್‌ಶಾಪ್ ನಡೆದು ಹುಟ್ಟಿದ್ದು 'ಎ ಕೋರಸ್ ಲೈನ್'. ಜಾಗ ಕೊಟ್ಟದ್ದು ಜೋಸೆಫ್ ಪ್ಯಾಪ್ ಅವರ ಪಬ್ಲಿಕ್ ಥಿಯೇಟರ್. ಸಂಗೀತ ಮಾರ್ವಿನ್ ಹ್ಯಾಮ್ಲಿಶ್ ಅವರದು. ಸಾಹಿತ್ಯಕ್ಕೆ ಕ್ಲೆಬನ್ ಅವರನ್ನು ಕರೆದರು. ಸಾಹಿತ್ಯಕ್ಕೆ ಮಾತ್ರ.

ಅವರು ಒಪ್ಪಿಕೊಂಡರು. ನಾಟಕ 1975ರಲ್ಲಿ ಬಂತು. ಒಂಬತ್ತು ಟೋನಿ, 1976ರ ಪುಲಿಟ್ಜರ್. 1990ರವರೆಗೆ ಬ್ರಾಡ್‌ವೇಯಲ್ಲಿ 6,137 ಪ್ರದರ್ಶನ.

ಈ ನಾಟಕದಲ್ಲಿ ಒಬ್ಬ ಹೀರೋ ಇಲ್ಲ. ಹೇಳಿಕೊಳ್ಳುವಂಥ ಪ್ರೇಮಕಥೆ ಇಲ್ಲ. ಹಳೇ ಕಾದಂಬರಿಯನ್ನೋ ನಾಟಕವನ್ನೋ ಆಧರಿಸಿದ್ದಲ್ಲ. ಅಂದರೆ ಎಂಗೆಲ್ ತಮ್ಮ ಪಾಠದಲ್ಲಿ ಒತ್ತಿ ಒತ್ತಿ ಹೇಳುತ್ತಿದ್ದ ಎಷ್ಟೋ ವಿಷಯ ಅವರದೇ ಶಿಷ್ಯನ ಅತಿ ದೊಡ್ಡ ಗೆಲುವಿನಲ್ಲಿ ಇರಲಿಲ್ಲ. ಆದರೆ ಒಂದು ಪಾಠ ಮಾತ್ರ ಇತ್ತು. ಒಬ್ಬೊಬ್ಬ ನರ್ತಕನ ಹಾಡೂ ಅವನ ಬಾಯಿಗೆ ಮಾತ್ರ ಹೊಂದುತ್ತೆ. ಎಲ್ಲರಿಗೂ ಬೇಕಾದದ್ದು ಒಂದೇ, ಆ ಕೆಲಸ. ಸೂತ್ರ ಮುರಿಯಿತು, ಪ್ರಶ್ನೆ ಉಳಿಯಿತು.

ಒಟ್ಟಿಗೆ ಕೂತು ಮಾಡುವ ಕೆಲಸದ ಇನ್ನೊಂದು ಮುಖವನ್ನೂ ಇಲ್ಲಿ ಹೇಳಬೇಕು. ಟೇಪ್ ಮುಂದೆ ತಮ್ಮ ಬದುಕನ್ನೇ ಬಿಚ್ಚಿಟ್ಟ ನರ್ತಕರು ಆ ಕಥೆಗಳ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ್ದು ಒಂದು ಡಾಲರಿಗೆ. ಆಮೇಲೆ ಬೆನೆಟ್ ತಮ್ಮ ರಾಯಲ್ಟಿಯಲ್ಲಿ ಒಂದು ಪಾಲು ಅವರಿಗೆ ಸಿಗುವ ಹಾಗೆ ಏರ್ಪಾಡು ಮಾಡಿದರು. ಆದರೆ ಅಷ್ಟು ಸಾಕಾಗಿತ್ತಾ ಅನ್ನೋ ಮಾತು ನಿಲ್ಲಲೇ ಇಲ್ಲ. ಹತ್ತು ಜನ ಸೇರಿ ಮಾಡಿದ್ದು ಯಾರದು? ಕಥೆ ಹೇಳಿದವರದಾ, ಅದನ್ನ ಹಾಡು ಮಾಡಿದವರದಾ? ನೀವು ಗೆಳೆಯರ ಜೊತೆ ಏನಾದರೂ ಮಾಡುತ್ತಿದ್ದರೆ, ಶಾರ್ಟ್ ಫಿಲ್ಮ್ ಇರಲಿ, ರ‍್ಯಾಪ್ ಇರಲಿ, ಈ ಮಾತನ್ನು ಮೊದಲೇ ಆಡಿಕೊಳ್ಳಿ. ಗೆದ್ದಮೇಲೆ ಆಡೋದು ಬಹಳ ಕಷ್ಟ.

ಈಗ ಕ್ಲೆಬನ್ ಕಡೆ ವಾಪಸ್. ದುಡ್ಡು ಬಂತು, ಹೆಸರು ಬಂತು. ಆದರೆ ಅವರು ಕಾಯುತ್ತಿದ್ದ ಆ ಒಂದು ನಾಟಕ ಬರಲೇ ಇಲ್ಲ. ಬರೆದರು, ತಿದ್ದಿದರು, ಪೆಟ್ಟಿಗೆಯಲ್ಲಿಟ್ಟರು. 1987ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 48. ಪೆಟ್ಟಿಗೆಯಲ್ಲಿದ್ದ ಆ ಹಾಡುಗಳನ್ನೇ ಸೇರಿಸಿ, ಅವರ ಬದುಕಿನ ಮೇಲೆಯೇ ಗೆಳೆಯರು 'ಎ ಕ್ಲಾಸ್ ಆಕ್ಟ್' ಅನ್ನೋ ನಾಟಕ ಕಟ್ಟಿದರು. 2001ರಲ್ಲಿ ಅದು ಬ್ರಾಡ್‌ವೇಗೆ ಬಂತು. ಎಂಗೆಲ್ ತರಗತಿಯೂ ಅದರಲ್ಲಿ ಒಂದು ದೃಶ್ಯವಾಗಿ ಬರುತ್ತೆ. ಸಂಗೀತವೂ ಅವರದೇ, ಸಾಹಿತ್ಯವೂ ಅವರದೇ. ನೋಡೋಕೆ ಅವರಿರಲಿಲ್ಲ.

ಆದರೆ ಅವರು ಉಯಿಲಿನಲ್ಲಿ ಒಂದು ಏರ್ಪಾಡು ಮಾಡಿಟ್ಟು ಹೋಗಿದ್ದರು. 'ಎ ಕೋರಸ್ ಲೈನ್'ನಿಂದ ಬಂದ ದುಡ್ಡಿನಲ್ಲಿ, ಮ್ಯೂಸಿಕಲ್ ಬರೆಯುವ ಹೊಸಬರಿಗೆ ಪ್ರತಿವರ್ಷ ಪ್ರಶಸ್ತಿ ಕೊಡಬೇಕು ಅಂತ. ಬರೀ ಫಲಕ, ಶಾಲು ಅಲ್ಲ. ಬಾಡಿಗೆ ಚಿಂತೆ ಇಲ್ಲದೆ ಕೂತು ಬರೆಯಬಹುದಾದಷ್ಟು ದುಡ್ಡು.

ಆ ಪ್ರಶಸ್ತಿ ಒಂದು ಸಲ ಇಬ್ಬರು ಹುಡುಗರಿಗೆ ಸಿಕ್ಕಿತು. ರಾಬರ್ಟ್ ಲೋಪೆಜ್, ಜೆಫ್ ಮಾರ್ಕ್ಸ್. ಇವರಿಬ್ಬರು ಭೇಟಿಯಾದದ್ದೂ ಬಿಎಂಐ ವರ್ಕ್‌ಶಾಪ್‌ನಲ್ಲೇ. 'ಹ್ಯಾಮ್ಲೆಟ್' ಕಥೆಯನ್ನು ಮಪೆಟ್ ಗೊಂಬೆಗಳಿಗೆ ಒಗ್ಗಿಸಿ ಒಂದು ತಮಾಷೆ ಮ್ಯೂಸಿಕಲ್ ಬರೆದಿದ್ದರು. ಪ್ರಶಸ್ತಿ ಅದಕ್ಕೇ ಬಂತು. ಗೊಂಬೆಗಳ ಕಂಪನಿ ಮಾತ್ರ ಬೇಡ ಅಂದುಬಿಟ್ಟಿತು. ಸರಿ, ನಮ್ಮದೇ ಗೊಂಬೆ ಮಾಡ್ಕೋತೀವಿ ಅಂತ ಹೊರಟರು. ಡಿಗ್ರಿ ಮುಗಿಸಿ, ಕೈಯಲ್ಲಿ ಕೆಲಸವಿಲ್ಲದೆ, ಅಗ್ಗದ ಬಾಡಿಗೆ ಬೀದಿಯಲ್ಲಿ ಬದುಕುವ ಹುಡುಗ ಹುಡುಗಿಯರ ಕಥೆ. ಅದೇ 'ಅವೆನ್ಯೂ ಕ್ಯೂ'. 2003ರಲ್ಲಿ ಬ್ರಾಡ್‌ವೇಗೆ ಬಂದು, 2004ರಲ್ಲಿ ಅತ್ಯುತ್ತಮ ಮ್ಯೂಸಿಕಲ್ ಟೋನಿ ಗೆದ್ದಿತು.

ಲೋಪೆಜ್‌ಗೆ ಅದೇ ವರ್ಕ್‌ಶಾಪ್‌ನಲ್ಲಿ ಕ್ರಿಸ್ಟನ್ ಆಂಡರ್ಸನ್ ಪರಿಚಯವೂ ಆಯಿತು. ಮದುವೆಯಾದರು. 2013ರಲ್ಲಿ ಗಂಡ ಹೆಂಡತಿ ಸೇರಿ ಹಾಡು ಮಾಡಿದ ಸಿನಿಮಾ 'ಫ್ರೋಜನ್'.

'ಫ್ರೋಜನ್' ಕಥೆ ಶುರುವಿನಲ್ಲಿ ಬೇರೆ ಇತ್ತು. ಹಿಮದ ರಾಣಿ ಎಲ್ಸಾ ಖಳನಾಯಕಿ. ಅವಳು ಎಲ್ಲ ಬಿಟ್ಟು ಬೆಟ್ಟಕ್ಕೆ ಹೋಗುವ ಜಾಗದಲ್ಲಿ ಒಂದು ಹಾಡು ಬೇಕಿತ್ತು. ಇವರಿಬ್ಬರೂ ತಮ್ಮಲ್ಲೇ ಕೇಳಿಕೊಂಡ ಪ್ರಶ್ನೆ ಆ ಹೊತ್ತಿಗೆ ಅವಳಿಗೆ ಹೇಗನ್ನಿಸುತ್ತಿರಬಹುದು ಅನ್ನೋದು. ಇಡೀ ಬಾಲ್ಯ ಒಂದು ಗುಟ್ಟನ್ನು ಹಿಡಿದಿಟ್ಟುಕೊಂಡವಳು, ಅದು ಬಯಲಾದ ದಿನ. ಭಯವೂ ಹೌದು, ಬಿಡುಗಡೆಯೂ ಹೌದು. ಹಾಡು ಕೇಳಿದ ನಿರ್ದೇಶಕರಿಗೆ ಇವಳು ಖಳನಾಯಕಿ ಆಗೋಕೆ ಸಾಧ್ಯವೇ ಇಲ್ಲ ಅನ್ನಿಸಿತು. ಕಥೆಯನ್ನೇ ತಿರುಗಿ ಬರೆದರು. ಒಂದು ಹಾಡು ಇಡೀ ಸಿನಿಮಾವನ್ನು ಬದಲಾಯಿಸಿತು, ಯಾಕಂದರೆ ಅದು ಚೆಂದದ ಹಾಡಾಗುವ ಮೊದಲು ಅವಳ ಹಾಡಾಗಿತ್ತು. 2014ರಲ್ಲಿ ಅದಕ್ಕೆ ಆಸ್ಕರ್ ಬಂತು.

ಸರಪಳಿ ನೋಡಿ. ಎಂಗೆಲ್ ಒಂದು ತರಗತಿ ಶುರು ಮಾಡಿದರು. ಅಲ್ಲಿ ಕಲಿತ ಕ್ಲೆಬನ್ ತನಗೆ ಬೇಕಾದದ್ದು ಸಿಗದಿದ್ದರೂ ದುಡ್ಡನ್ನು ಮುಂದಿನವರಿಗೆ ಬಿಟ್ಟರು. ಆ ಪ್ರಶಸ್ತಿ ಲೋಪೆಜ್ ಕೈಗೆ ಬಂತು. ಅಲ್ಲಿಂದ ಹೊರಟದ್ದು ನಮ್ಮ ಊರಿನ ಎಲ್‌ಕೆಜಿ ಮಗುವಿನ ಬಾಯಿಗೂ ಬಂದು ಸೇರಿತು.

ಎಲ್ಲರಿಗೂ ಇಷ್ಟು ಬೇಗ ಆಗಲ್ಲ. ಮೌರಿ ಯೆಸ್ಟನ್ ಅನ್ನೋರು 1973ರ ಸುಮಾರಿಗೆ ಈ ವರ್ಕ್‌ಶಾಪ್‌ನಲ್ಲಿ, ಫೆಲಿನಿಯ ಸಿನಿಮಾ ಆಧರಿಸಿ 'ನೈನ್' ಬರೆಯೋಕೆ ಶುರು ಮಾಡಿದರು. ರಂಗಕ್ಕೆ ಬಂದದ್ದು 1982ರಲ್ಲಿ. ಆ ವರ್ಷದ ಅತ್ಯುತ್ತಮ ಮ್ಯೂಸಿಕಲ್ ಟೋನಿ ಅದಕ್ಕೇ ಬಂತು, ಅದೇ ವರ್ಷ ಎಂಗೆಲ್ ತೀರಿಕೊಂಡರು. ತರಗತಿ ನಿಲ್ಲಲಿಲ್ಲ. ಅವರ ಹೆಸರು ಇಟ್ಟುಕೊಂಡು, ಹಳೇ ವಿದ್ಯಾರ್ಥಿಗಳ ಪಾಠದಲ್ಲಿ ಮುಂದುವರಿಯಿತು. ಟಾಮ್ ಕಿಟ್, ಬ್ರಯಾನ್ ಯಾರ್ಕಿ 1998ರಲ್ಲಿ ಅಲ್ಲಿ ಬರೆದದ್ದು ಹತ್ತೇ ನಿಮಿಷದ ತುಣುಕು. ಮಾನಸಿಕ ಕಾಯಿಲೆಗೆ ವಿದ್ಯುತ್ ಶಾಕ್ ಚಿಕಿತ್ಸೆ ಪಡೆಯುವ ಒಬ್ಬ ಅಮ್ಮ, ಅವಳ ಮನೆಯವರು. ಹೆಸರು 'ಫೀಲಿಂಗ್ ಎಲೆಕ್ಟ್ರಿಕ್'. ಬರೆದರು, ತೋರಿಸಿದರು, ಬೈಸಿಕೊಂಡರು, ಮತ್ತೆ ಬರೆದರು. ಎಲ್ಲಿವರೆಗೆ ಅಂದರೆ, ಆ ಶೀರ್ಷಿಕೆ ಹಾಡನ್ನೇ ಕೊನೆಗೆ ಕಿತ್ತು ಹಾಕಿದರು. ಬ್ರಾಡ್‌ವೇಗೆ ಬಂದದ್ದು 2009ರಲ್ಲಿ, 'ನೆಕ್ಸ್ಟ್ ಟು ನಾರ್ಮಲ್' ಅನ್ನೋ ಹೆಸರಿನಲ್ಲಿ. ಮರುವರ್ಷ ಪುಲಿಟ್ಜರ್.

ಹನ್ನೊಂದು ವರ್ಷ. ನಾನು ಒಂದು ಪ್ರಶ್ನೆಗೆ ಸಿಟ್ಟಾಗಿ ಒಂದು ವಾರ ಮನೆಯಲ್ಲಿ ಕೂತಿದ್ದೆ.

ವರ್ಕ್‌ಶಾಪ್ ಅಂದರೆ ಏನೋ ಗುಟ್ಟು ಹೇಳಿಕೊಡುತ್ತಾರೆ ಅಂದುಕೊಂಡಿದ್ದೆ. ಗುಟ್ಟೇನೂ ಇಲ್ಲ. ಅರ್ಧ ಬೆಂದದ್ದನ್ನು ನಾಲ್ಕು ಜನರ ಮುಂದೆ ಇಡುವ ಧೈರ್ಯ, ಅವರು ಹೇಳಿದ್ದನ್ನು ಕೇಳುವ ತಾಳ್ಮೆ, ಮುಂದಿನ ವಾರ ಮತ್ತೆ ಬಂದು ಕೂರುವ ಅಭ್ಯಾಸ. ಚಪ್ಪಾಳೆ ಸಿಗೋದು ಸುಲಭ. ಇವತ್ತು ಫೋನಿನಲ್ಲಿ ಹಾಡು ಹಾಕಿದರೆ ಸಂಜೆಯೊಳಗೆ ಲೈಕ್ ಬರುತ್ತೆ. "ಇದನ್ನ ಹಾಡ್ತಿರೋದು ಯಾರು" ಅಂತ ಕೇಳುವ ಒಬ್ಬರು ಸಿಗೋದು ಕಷ್ಟ. ಸಾಂಡ್‌ಹೈಮ್‌ಗೆ ಅವರು ಅದೃಷ್ಟದಿಂದ ಸಿಕ್ಕರು. ಎಂಗೆಲ್ ಮಾಡಿದ್ದು ಇಷ್ಟೇ, ಆ ಅದೃಷ್ಟವನ್ನು ಒಂದು ತರಗತಿ ಮಾಡಿದರು.

ಆ ಹಾಡಿನ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಈ ಸಂಚಿಕೆಗೆ ಓದುತ್ತಾ ಓದುತ್ತಾ ಒಂದು ರಾತ್ರಿ ಅದನ್ನ ತೆಗೆದು, ಬೆಳದಿಂಗಳು ಹೊಡೆದು ಹಾಕಿ, ಬಿಸಿನೀರು ಅಂತ ಬರೆದೆ. ಪ್ರಾಸ ಕೆಟ್ಟಿತು. ಹುಡುಗಿ ಮಾತ್ರ ಮೊದಲ ಸಲ ಬಾಯಿ ಬಿಟ್ಟಳು. ಹಾರ್ಮೋನಿಯಂ ಗೆಳೆಯನಿಗೆ ಫೋಟೋ ತೆಗೆದು ಕಳಿಸಿದೆ. "ಎರಡನೇ ಸಾಲು ಇನ್ನೂ ಸುಳ್ಳು ಹೇಳ್ತಿದೆ ಕಣೋ" ಅಂತ ಉತ್ತರ ಬಂತು. ಹೌದು, ಹೇಳುತ್ತಿದೆ. ಈ ಭಾನುವಾರ ಕೂರ್ತೀವಿ.

ನಿಮ್ಮ ಹತ್ತಿರವೂ ಒಂದು ಅರ್ಧ ಹಾಡು ಇದ್ದರೆ, ಬೆನ್ನು ತಟ್ಟುವವರಿಗೆ ಆಮೇಲೆ ಕಳಿಸಿ. ಮೊದಲು ಪ್ರಶ್ನೆ ಕೇಳುವವರಿಗೆ ಕಳಿಸಿ.